ವೇಲ್ಯಾಂಡ್‌ಗೆ ಬಂದ ಮೇಲೆ ಕೆಲಸ ಕೈಕೊಟ್ಟರೆ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಲಿನಕ್ಸ್ ಹಾಕಿಕೊಂಡವರು ಶಿವಮೊಗ್ಗದಲ್ಲಿ ಈಗ ಕಡಿಮೆಯೇನಿಲ್ಲ. ಡಿಟಿಪಿ ಅಂಗಡಿಗಳಿವೆ, ಅಡಿಕೆ ಮಂಡಿಯ ಲೆಕ್ಕದ ಮೇಜುಗಳಿವೆ, ತೀರ್ಥಹಳ್ಳಿ ಹೊಸನಗರದ ಕಡೆ ಮನೆಯಲ್ಲೇ ಕೂತು ಬೆಂಗಳೂರಿನ ಕೆಲಸ ಮಾಡುವವರಿದ್ದಾರೆ. ಇವರೆಲ್ಲ ಕೇಳುವ ಪ್ರಶ್ನೆ ಒಂದೇ: ಈ ವೇಲ್ಯಾಂಡ್ ದಿನದ ಕೆಲಸಕ್ಕೆ ಆಗುತ್ತದಾ, ಇಲ್ಲಾ ಹಳೆಯದಕ್ಕೇ ವಾಪಸ್ ಹೋಗಬೇಕಾ?

ಸ್ಕ್ರೀನ್ ಮೇಲೆ ವಿಂಡೋ ಮೂಡಿಸುವುದು, ಕೀಬೋರ್ಡ್ ಒತ್ತಿದ್ದನ್ನು ಸರಿಯಾದ ಪ್ರೋಗ್ರಾಮ್‌ಗೆ ತಲುಪಿಸುವುದು, ಇಷ್ಟು ದಿನ ಈ ಕೆಲಸ ಮಾಡುತ್ತಿದ್ದದ್ದು ಎಕ್ಸ್ 11. ಅದು 1987ರದ್ದು. ಅದೇ ಕೆಲಸಕ್ಕೆ ಹೊಸದಾಗಿ ಬಂದದ್ದು ವೇಲ್ಯಾಂಡ್, ಅದನ್ನು ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ 2008ರಲ್ಲಿ ಶುರು ಮಾಡಿದರು. ಲಿನಕ್ಸ್‌ನ ಬಗೆಗಳಲ್ಲಿ ಫೆಡೋರಾ 2016ರಲ್ಲೇ ಅದಕ್ಕೆ ಬಂತು, ಉಬುಂಟು 21.04ರಿಂದ ಹೆಚ್ಚಿನ ಯಂತ್ರಗಳಲ್ಲಿ ಅದೇ ಮೊದಲ ಆಯ್ಕೆ, ಕೆಡಿಇ ಪ್ಲಾಸ್ಮಾ 6 ಅನ್ನುವ ಡೆಸ್ಕ್‌ಟಾಪ್ ಬಂದದ್ದು 2024ರಲ್ಲಿ, ಅದೂ ವೇಲ್ಯಾಂಡ್‌ನಲ್ಲೇ ತೆರೆಯುತ್ತದೆ. ಉಬುಂಟು 25.10ರಲ್ಲಂತೂ ಅದರ ಡೆಸ್ಕ್‌ಟಾಪ್ ಆದ ಗ್ನೋಮ್‌ಗೆ ಹಳೆಯ ಎಕ್ಸ್ ಸೆಷನ್ ಇಲ್ಲವೇ ಇಲ್ಲ. ಹಾಗಾಗಿ ವಾಪಸ್ ಹೋಗುವ ದಾರಿ ಮುಚ್ಚುತ್ತಾ ಬಂದಿದೆ.

ನನ್ನ ಉತ್ತರ ಇಷ್ಟು. ಬ್ರೌಸರ್, ಲೆಕ್ಕ, ಪತ್ರ, ಕನ್ನಡ ಟೈಪಿಂಗ್, ವಿಡಿಯೋ ಮೀಟಿಂಗ್, ಇಷ್ಟೇ ನಿಮ್ಮ ಕೆಲಸ ಆದರೆ ವೇಲ್ಯಾಂಡ್ ಸಿದ್ಧವಾಗಿದೆ. ಹಳೆಯ ಎನ್ವಿಡಿಯಾ ಕಾರ್ಡ್ ಇದ್ದರೆ, ಪ್ರಿಂಟಿಂಗ್ ಬಣ್ಣದ ಕೆಲಸ ಇದ್ದರೆ, ತಾನಾಗಿ ಟೈಪ್ ಮಾಡುವ ಹಳೆ ಸ್ಕ್ರಿಪ್ಟ್‌ಗಳ ಮೇಲೆ ಅಂಗಡಿ ನಡೆಯುತ್ತಿದ್ದರೆ ಕಣ್ಣುಮುಚ್ಚಿ ಹೋಗಬೇಡಿ. ಉಳಿದಂತೆ "ವೇಲ್ಯಾಂಡ್ ಸರಿ ಇಲ್ಲ" ಅಂತ ಹೇಳುವ ದೂರುಗಳಲ್ಲಿ ಜಾಸ್ತಿ ಪಾಲು ಎಲ್ಲೋ ಒಂದು ಸಣ್ಣ ಕೊಂಡಿ ತಪ್ಪಿರುವುದು. ಅದನ್ನು ಹುಡುಕುವುದು ಹೇಗೆ ಅಂತ ಕೆಳಗಿದೆ.

ಮೊದಲು ಇದನ್ನು ನೋಡಿ: ನೀವು ವೇಲ್ಯಾಂಡ್‌ನಲ್ಲಿ ಇದ್ದೀರಾ?

ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅಬೌಟ್, ಸಿಸ್ಟಮ್ ಡಿಟೇಲ್ಸ್ ಅಂತ ಹೋಗಿ. "ವಿಂಡೋಯಿಂಗ್ ಸಿಸ್ಟಮ್" ಅನ್ನುವ ಸಾಲಿನಲ್ಲಿ ಬರೆದಿರುತ್ತದೆ. ಕೆಡಿಇಯಲ್ಲಿ ಸಿಸ್ಟಮ್ ಮಾಹಿತಿಯ ಪುಟದಲ್ಲಿ "ಗ್ರಾಫಿಕ್ಸ್ ಪ್ಲಾಟ್‌ಫಾರ್ಮ್" ನೋಡಿ. ಲಿನಕ್ಸ್ ಮಿಂಟ್ ಬಳಸುವವರು ಸಾಮಾನ್ಯವಾಗಿ ಇನ್ನೂ ಎಕ್ಸ್‌ನಲ್ಲೇ ಇರುತ್ತಾರೆ, ಅಲ್ಲಿ ವೇಲ್ಯಾಂಡ್ 21.3ರಲ್ಲಿ ಪ್ರಯೋಗಕ್ಕೆ ಅಂತ ಬಂದದ್ದು. ನಿಮ್ಮದು ಮಿಂಟ್ ಆಗಿದ್ದು ಏನೂ ಬದಲಾಯಿಸಿಲ್ಲ ಅಂದರೆ ತೊಂದರೆಗೆ ಕಾರಣ ಬೇರೆ ಕಡೆ ಇದೆ.

ಆಮೇಲೆ ಕಾಸು ಖರ್ಚಿಲ್ಲದ ಎರಡು ಪರೀಕ್ಷೆ. ಒಂದು, ಲಾಗ್ ಔಟ್ ಆಗಿ, ಹೆಸರಿನ ಮೇಲೆ ಒತ್ತಿ, ಪಾಸ್‌ವರ್ಡ್ ಹಾಕುವ ಮೊದಲು ಮೂಲೆಯಲ್ಲಿರುವ ಹಲ್ಲುಚಕ್ರದ ಗುರುತು ಒತ್ತಿ. "ಎಕ್ಸಾರ್ಗ್" (ಹಳೆಯ ಎಕ್ಸ್ 11) ಅಂತ ಇರುವ ಆಯ್ಕೆ ಕಂಡರೆ ಅದರಲ್ಲಿ ಒಳಗೆ ಹೋಗಿ ಅದೇ ಕೆಲಸ ಮಾಡಿ ನೋಡಿ. ಅಲ್ಲೂ ಅದೇ ತೊಂದರೆ ಬಂದರೆ ವೇಲ್ಯಾಂಡ್ ಮೇಲೆ ಹಾಕಬೇಡಿ. ಆ ಆಯ್ಕೆ ಇಲ್ಲದ ಹೊಸ ಆವೃತ್ತಿ ಆದರೆ ಮಿಂಟ್‌ನ ಪೆನ್ ಡ್ರೈವ್ ಹಾಕಿ, ಇನ್‌ಸ್ಟಾಲ್ ಮಾಡದೆ ಹಾಗೇ ಓಡಿಸಿ ನೋಡಬಹುದು. ಎರಡು, ಹೊಸ ಬಳಕೆದಾರರ ಖಾತೆ ಒಂದನ್ನು ಮಾಡಿ ಅದರಲ್ಲಿ ಲಾಗಿನ್ ಆಗಿ. ಅಲ್ಲಿ ಎಲ್ಲ ಸರಿಯಿದ್ದರೆ ದೋಷ ನಿಮ್ಮ ಹಳೆಯ ಸೆಟ್ಟಿಂಗ್‌ನಲ್ಲೋ ಎಕ್ಸ್‌ಟೆನ್ಷನ್‌ನಲ್ಲೋ ಇದೆ. ಈ ಎರಡನ್ನು ಮಾಡದೆ ಡ್ರೈವರ್ ಬದಲಾಯಿಸಲು ಹೊರಡಬೇಡಿ.

ಸ್ಕ್ರೀನ್ ಪೂರ್ತಿ ಕಪ್ಪು

ಯಾವಾಗ ಕಪ್ಪಾಗುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಸ್ವಿಚ್ ಒತ್ತಿದಾಗ ಕಂಪನಿಯ ಲೋಗೋನೇ ಬರುವುದಿಲ್ಲ ಅಂದರೆ ಅದಕ್ಕೂ ವೇಲ್ಯಾಂಡ್‌ಗೂ ಸಂಬಂಧ ಇಲ್ಲ, ಲಿನಕ್ಸ್ ಇನ್ನೂ ಶುರುವಾಗಿಯೇ ಇಲ್ಲ. ಮಾನಿಟರ್ ಕೇಬಲ್ ಎರಡೂ ಕಡೆ ಗಟ್ಟಿ ಇದೆಯಾ ನೋಡಿ. ಮಾನಿಟರ್‌ನ ಸೋರ್ಸ್ ಬಟನ್ ಒತ್ತಿ ಸರಿಯಾದ ಪೋರ್ಟ್ ಆರಿಸಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡ್‌ಗೆ ಹಾಕಿರಬೇಕು, ಮದರ್‌ಬೋರ್ಡ್‌ಗೆ ಅಲ್ಲ. ಮನೆಯ ಟಿವಿಗೆ ಅದೇ ಕೇಬಲ್ ಚುಚ್ಚಿ ನೋಡುವುದು ಸುಲಭದ ಪರೀಕ್ಷೆ. ನಮ್ಮ ಕಡೆ ಮಳೆಗಾಲದಲ್ಲಿ, ಅದರಲ್ಲೂ ಘಟ್ಟದ ಅಂಚಿನ ಊರುಗಳಲ್ಲಿ, ಥಂಡಿ ಹಿಡಿದು ರ‍್ಯಾಮ್‌ನ ಲೋಹದ ತುದಿ ಸರಿಯಾಗಿ ತಾಗದೆ ಹೀಗಾಗುವುದುಂಟು. ಏಪ್ರಿಲ್ ಮೇ ತಿಂಗಳ ಸಿಡಿಲು ಮಳೆಯ ಮಾರನೇ ದಿನ ಕಪ್ಪಾಗಿದ್ದರೆ ಪೋರ್ಟ್ ಅಥವಾ ಬೋರ್ಡ್ ಸುಟ್ಟಿರಬಹುದು.

ಇಲ್ಲಿ ಎಚ್ಚರ ಬೇಕು. ಕ್ಯಾಬಿನೆಟ್ ತೆರೆಯುವ ಮೊದಲು ವೈರ್ ಗೋಡೆಯಿಂದಲೇ ಕಿತ್ತಿಡಿ, ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು. ಒಳಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ, ವೈರ್ ಕಿತ್ತ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಅರ್ಥಿಂಗ್ ಸರಿ ಇಲ್ಲ. ಕಂಪ್ಯೂಟರ್ ಬಿಡಿ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಯುಪಿಎಸ್ ಅಥವಾ ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿದ್ದರೆ ಚಾರ್ಜ್‌ಗೆ ಹಾಕಬೇಡಿ, ಚುಚ್ಚಲೂ ಹೋಗಬೇಡಿ. ಸಿಡಿಲು ಹೊಡೆಯುವಾಗ ಕರೆಂಟ್ ವೈರ್ ಜೊತೆ ಇಂಟರ್‌ನೆಟ್ ಕೇಬಲ್ ಕೂಡ ತೆಗೆಯಿರಿ.

ಲೋಗೋ ಬಂದು, ಲಾಗಿನ್ ಪುಟವೂ ಬಂದು, ಪಾಸ್‌ವರ್ಡ್ ಹಾಕಿದ ಮೇಲೆ ಕಪ್ಪಾದರೆ ಆಗ ನಮ್ಮ ವಿಷಯಕ್ಕೆ ಬಂದಿರಿ. ಕಂಟ್ರೋಲ್, ಆಲ್ಟ್, ಎಫ್ 3 ಒಟ್ಟಿಗೆ ಒತ್ತಿ. ಬರೀ ಅಕ್ಷರದ ಲಾಗಿನ್ ಬಂದರೆ ಯಂತ್ರ ಜೀವಂತ ಇದೆ, ಚಿತ್ರದ ಭಾಗ ಮಾತ್ರ ಬಿದ್ದಿದೆ, ನಿಮ್ಮ ಫೈಲ್‌ಗಳಿಗೆ ಏನೂ ಆಗಿಲ್ಲ. ಎಕ್ಸಾರ್ಗ್ ಆಯ್ಕೆಯಲ್ಲಿ ಒಳಗೆ ಹೋಗಲು ಆದರೆ ಮುಂದಿನ ಭಾಗ ಓದಿ.

ಎನ್ವಿಡಿಯಾ ಕಾರ್ಡ್: ಕಪ್ಪು, ಮಿನುಗುವಿಕೆ, ದಪ್ಪ ದಪ್ಪ ಅಕ್ಷರ

ಇಂಟೆಲ್, ಎಎಂಡಿ ಗ್ರಾಫಿಕ್ಸ್ ಇರುವವರು ಈ ಭಾಗ ದಾಟಿ ಹೋಗಬಹುದು. ಅವರಿಗೆ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆಗೇ ಬರುತ್ತದೆ.

ಎನ್ವಿಡಿಯಾದ್ದು ಬೇರೆ ಕತೆ. ಉಳಿದವರೆಲ್ಲ ಜಿಬಿಎಂ ಅನ್ನುವ ದಾರಿಯಲ್ಲಿ ಚಿತ್ರ ಕಳಿಸುತ್ತಿದ್ದಾಗ ಇವರು ಬಹಳ ವರ್ಷ ತಮ್ಮದೇ ದಾರಿ ಹಿಡಿದಿದ್ದರು. ಜಿಬಿಎಂ ಅವರ ಡ್ರೈವರ್‌ಗೆ ಬಂದದ್ದು 2021ರಲ್ಲಿ, 495ನೇ ಆವೃತ್ತಿಗೆ. ಚಿತ್ರ ಮಿನುಗುವುದು, ಟೈಪ್ ಮಾಡಿದ ಅಕ್ಷರ ಹಿಂದಕ್ಕೆ ಹೋಗಿ ಮತ್ತೆ ಬಂದಂತೆ ಕಾಣುವುದು, ಇದನ್ನು ಸರಿಮಾಡುವ ವ್ಯವಸ್ಥೆ ಬಂದದ್ದು 2024ರಲ್ಲಿ, 555ಕ್ಕೆ. ಹಾಗಾಗಿ ನಿಮ್ಮ ಡ್ರೈವರ್ ಸಂಖ್ಯೆ ನೋಡಿದರೆ ಸಾಕು. ಉಬುಂಟುವಿನಲ್ಲಿ "ಅಡಿಷನಲ್ ಡ್ರೈವರ್ಸ್" ತೆರೆಯಿರಿ. 555ಕ್ಕಿಂತ ಹಳೆಯದಿದ್ದು ಮಿನುಗುತ್ತಿದ್ದರೆ ಹೊಸದಕ್ಕೆ ಏರಿಸಿ.

ಹೊಸದು ಸಿಗುವುದೇ ಇಲ್ಲ, 470 ಅಥವಾ 390 ಮಾತ್ರ ಕಾಣುತ್ತಿದೆ ಅಂದರೆ ನಿಮ್ಮ ಕಾರ್ಡ್ ಹಳೆಯದು. 400, 500, 600, 700 ಸರಣಿಯ ಜಿಫೋರ್ಸ್ ಕಾರ್ಡ್‌ಗಳು ಜಾಸ್ತಿ ಈ ಗುಂಪಿನವು. ಇವುಗಳ ಕಂಪನಿ ಡ್ರೈವರ್ ಜೊತೆ ವೇಲ್ಯಾಂಡ್‌ಗಾಗಿ ಗುದ್ದಾಡುವುದರಲ್ಲಿ ಅರ್ಥ ಇಲ್ಲ. ಮುಕ್ತ ಡ್ರೈವರ್ ಆದ ನೂವೋ ಹಾಕಿ ನೋಡಿ, ಪತ್ರ, ಬ್ರೌಸರ್ ಕೆಲಸಕ್ಕೆ ಸಾಕಾಗಬಹುದು. ಆಗದಿದ್ದರೆ ಕಾರ್ಡ್ ತೆಗೆದು ಪ್ರೊಸೆಸರ್‌ನಲ್ಲೇ ಇರುವ ಇಂಟೆಲ್ ಗ್ರಾಫಿಕ್ಸ್‌ಗೆ ಕೇಬಲ್ ಹಾಕಿ. ಎಷ್ಟೋ ಅಂಗಡಿಯ ಯಂತ್ರಗಳಿಗೆ ಆ ಕಾರ್ಡ್ ಬೇಕಾಗಿಯೇ ಇರುವುದಿಲ್ಲ.

ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದಾಗ ನೀಲಿ ಪುಟ ಬಂದು "ಎಂಒಕೆ" (ಹೊಸ ಡ್ರೈವರ್ ಅನ್ನು ಯಂತ್ರ ನಂಬಲು ಬೇಕಾದ ಕೀ) ಬಗ್ಗೆ ಕೇಳಬಹುದು. ಸೆಕ್ಯೂರ್ ಬೂಟ್ ಇರುವ ಯಂತ್ರಗಳಲ್ಲಿ ಇದು ಬರುತ್ತದೆ. ಗಾಬರಿಯಾಗಿ ಮುಂದೆ ಹೋದರೆ ಡ್ರೈವರ್ ಲೋಡ್ ಆಗುವುದಿಲ್ಲ, ಆಮೇಲೆ ಸ್ಕ್ರೀನ್ ದಪ್ಪ ದಪ್ಪ ಅಕ್ಷರದಲ್ಲಿ ಬರುತ್ತದೆ. ಅಲ್ಲಿ "ಎನ್ರೋಲ್ ಎಂಒಕೆ" ಆರಿಸಿ, ಡ್ರೈವರ್ ಹಾಕುವಾಗ ಕೊಟ್ಟಿದ್ದ ಪಾಸ್‌ವರ್ಡ್ ಹಾಕಿ. ಇದನ್ನೆಲ್ಲ ಶುರು ಮಾಡುವ ಮೊದಲು ಲೆಕ್ಕದ ಫೈಲ್, ಗ್ರಾಹಕರ ಫೈಲ್ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಡಿ. ಕರೆಂಟ್ ಹೋಗಿ ಬರುತ್ತಿರುವ ದಿನ ಡ್ರೈವರ್ ಅಪ್‌ಡೇಟ್‌ಗೆ ಕೈ ಹಾಕಬೇಡಿ, ಅರ್ಧಕ್ಕೆ ನಿಂತರೆ ಕೆಲಸ ಹೆಚ್ಚಾಗುತ್ತದೆ.

ಕನ್ನಡ ಟೈಪ್ ಆಗುತ್ತಿಲ್ಲ

ನನಗೆ ಇದು ಎಲ್ಲಕ್ಕಿಂತ ಮುಖ್ಯ. ಬೇರೆ ಏನೇ ಚೆನ್ನಾಗಿದ್ದರೂ ಕನ್ನಡ ಬರದಿದ್ದರೆ ಆ ಕಂಪ್ಯೂಟರ್ ನಮ್ಮ ಊರಿನ ಕೆಲಸಕ್ಕೆ ಸಿದ್ಧ ಅಂತ ಹೇಳಲು ಆಗುವುದಿಲ್ಲ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಒತ್ತಕ್ಷರ ಒಡೆದು ಕಾಣುತ್ತಿದೆ, ಅಥವಾ ಹಳೆಯ ನುಡಿ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತಿದೆ, ಇವೆರಡೂ ವೇಲ್ಯಾಂಡ್‌ನ ದೋಷ ಅಲ್ಲ. ಮೊದಲನೆಯದು ಫಾಂಟ್ ಅಥವಾ ಆ ಪ್ರೋಗ್ರಾಮ್‌ನದ್ದು. ಎರಡನೆಯದು ಯುನಿಕೋಡ್ ಅಲ್ಲದ ಹಳೆಯ ಎನ್‌ಕೋಡಿಂಗ್, ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಬೇಕು. ವೇಲ್ಯಾಂಡ್ ಸಂಬಂಧ ಬರುವುದು ಕೀಲಿ ಒತ್ತಿದಾಗ ಅಕ್ಷರವೇ ಮೂಡದಿದ್ದರೆ, ಅಥವಾ ಕನ್ನಡ ಆರಿಸಿದ್ದರೂ ಇಂಗ್ಲಿಷೇ ಬರುತ್ತಿದ್ದರೆ.

ಲಿನಕ್ಸ್‌ನಲ್ಲಿ ಕನ್ನಡ ಬರುವ ದಾರಿ ಎರಡು. ಒಂದು, ಕೀಬೋರ್ಡ್ ಲೇಔಟ್. ಒಂದು ಕೀಲಿಗೆ ಒಂದು ಅಕ್ಷರ, ಅಷ್ಟೇ. ಇನ್ನೊಂದು, ಐಬಸ್ ಅಥವಾ ಎಫ್‌ಸಿಟಿಎಕ್ಸ್ 5 ಮೂಲಕ. ಅಲ್ಲಿ ನಡುವೆ ಒಂದು ಪ್ರೋಗ್ರಾಮ್ ಕೂತು ನೀವು ಒತ್ತಿದ್ದನ್ನು ನೋಡಿ ಅಕ್ಷರ ಜೋಡಿಸುತ್ತದೆ. ಸೆಟ್ಟಿಂಗ್ಸ್‌ನ ಇನ್‌ಪುಟ್ ಸೋರ್ಸ್ ಪಟ್ಟಿಯಲ್ಲಿ "ಕನ್ನಡ, ಕಗಪ ಫೋನೆಟಿಕ್" ಅಂತ ಇರುವುದು ಮೊದಲ ಜಾತಿ. ಎಂ 17 ಎನ್ ಅಂತ ಬಾಲ ಇರುವ ಕೆಜಿಪಿ, ಐಟ್ರಾನ್ಸ್ ಎಲ್ಲ ಎರಡನೇ ಜಾತಿ.

ಪರೀಕ್ಷೆ ಹೀಗೆ. ಎರಡೂ ಜಾತಿಯ ಒಂದೊಂದನ್ನು ಪಟ್ಟಿಗೆ ಸೇರಿಸಿ, ಸೂಪರ್ ಕೀಲಿ (ವಿಂಡೋಸ್ ಗುರುತಿನದ್ದು) ಮತ್ತು ಸ್ಪೇಸ್ ಒತ್ತಿ ಬದಲಾಯಿಸುತ್ತಾ ಟೆಕ್ಸ್ಟ್ ಎಡಿಟರ್, ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಕ್ರೋಮ್ ನಾಲ್ಕರಲ್ಲೂ ಟೈಪ್ ಮಾಡಿ. ಎಲ್ಲೂ ಯಾವುದೂ ಬರುತ್ತಿಲ್ಲ ಅಂದರೆ ಸೇರಿಸಿದ್ದೇ ಸರಿಯಾಗಿಲ್ಲ, ಲಾಗ್ ಔಟ್ ಆಗಿ ಬನ್ನಿ. ಲೇಔಟ್ ಎಲ್ಲ ಕಡೆ ಕೆಲಸ ಮಾಡಿ ಎಂ 17 ಎನ್ ಎಲ್ಲೂ ಬರದಿದ್ದರೆ ಐಬಸ್ ಓಡುತ್ತಿಲ್ಲ. ಎಡಿಟರ್‌ನಲ್ಲಿ ಎರಡೂ ಬಂದು ಕ್ರೋಮ್‌ನಲ್ಲಿ ಮಾತ್ರ ಎಂ 17 ಎನ್ ಬರದಿದ್ದರೆ ಐಬಸ್ ಚೆನ್ನಾಗಿಯೇ ಇದೆ, ಕ್ರೋಮ್‌ಗೆ ತಲುಪುತ್ತಿಲ್ಲ.

ಈ ಕೊನೆಯದೇ ಜಾಸ್ತಿ ಸಿಗುವುದು. ಕ್ರೋಮ್, ಮತ್ತು ಅದೇ ಎಂಜಿನ್ ಮೇಲೆ ಕಟ್ಟಿದ ಚಾಟ್, ಎಡಿಟರ್ ಪ್ರೋಗ್ರಾಮ್‌ಗಳು, ಒಂದೋ ವೇಲ್ಯಾಂಡ್‌ನಲ್ಲಿ ನೇರ ಓಡುತ್ತವೆ, ಇಲ್ಲಾ ಎಕ್ಸ್‌ವೇಲ್ಯಾಂಡ್ ಅನ್ನುವ ಹೊಂದಾಣಿಕೆ ಪದರದ ಮೇಲೆ ಹಳೆ ರೀತಿಯಲ್ಲೇ ಓಡುತ್ತವೆ. ಅಕ್ಷರ ಜೋಡಿಸುವ ಪ್ರೋಗ್ರಾಮ್ ಉಳಿದವುಗಳ ಜೊತೆ ಮಾತಾಡುವ ಒಪ್ಪಂದಕ್ಕೂ (ಪ್ರೋಟೋಕಾಲ್) ಬೇರೆ ಬೇರೆ ಆವೃತ್ತಿ ಇವೆ. ಗ್ನೋಮ್ ಮಾತಾಡುವುದು ಮೂರನೆಯದನ್ನು, ಕ್ರೋಮ್ ಮೊದಲು ಕಲಿತದ್ದು ಒಂದನೆಯದನ್ನು. ಇಬ್ಬರೂ ಸರಿ, ಆದರೆ ಮಾತು ತಲುಪಲಿಲ್ಲ. ಮೊದಲು ಕ್ರೋಮ್ ಅಪ್‌ಡೇಟ್ ಮಾಡಿ. ಆಗಲೂ ಬರದಿದ್ದರೆ ಕ್ರೋಮ್‌ನ ಫ್ಲ್ಯಾಗ್ಸ್ ಪುಟದಲ್ಲಿ "ವೇಲ್ಯಾಂಡ್ ಟೆಕ್ಸ್ಟ್ ಇನ್‌ಪುಟ್ ವಿ 3" ಹುಡುಕಿ, ಇದ್ದರೆ ಆನ್ ಮಾಡಿ. ಅದೂ ಆಗದಿದ್ದರೆ ಅದೇ ಪುಟದಲ್ಲಿ "ಓಝೋನ್ ಪ್ಲಾಟ್‌ಫಾರ್ಮ್" ಇದ್ದರೆ ಎಕ್ಸ್ 11 ಅಂತ ಆರಿಸಿ. ಹಳೆ ರೀತಿಗೆ ಹೋಗುತ್ತದೆ, ಕನ್ನಡ ಬರುತ್ತದೆ, ಕೆಲಸ ನಡೆಯುತ್ತದೆ.

ಕೆಡಿಇಯಲ್ಲಿ ಇನ್ನೊಂದು ಹೆಜ್ಜೆ ಇದೆ, ಇದನ್ನು ಯಾರೂ ಊಹಿಸುವುದಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ "ವರ್ಚುವಲ್ ಕೀಬೋರ್ಡ್" ಒಳಗೆ ಹೋಗಿ ಐಬಸ್ ಅಥವಾ ಎಫ್‌ಸಿಟಿಎಕ್ಸ್ 5 ಆರಿಸಬೇಕು. ಸ್ಕ್ರೀನ್ ಮೇಲಿನ ಕೀಬೋರ್ಡ್ ನಮಗೆ ಬೇಡ ಅಂತ ಜನ ಆ ಪುಟ ಮುಟ್ಟುವುದೇ ಇಲ್ಲ, ಅಲ್ವಾ? ಎಕ್ಸ್ ಕಾಲದ ಸಲಹೆ ನೋಡಿ ಜಿಟಿಕೆ, ಕ್ಯೂಟಿ ಐಎಂ ಮಾಡ್ಯೂಲ್ ಅಂತ ಸಾಲುಗಳನ್ನು ಯಾವುದೋ ಫೈಲ್‌ಗೆ ಸೇರಿಸಿದ್ದರೆ ಅವನ್ನು ತೆಗೆದು ನೋಡಿ. ವೇಲ್ಯಾಂಡ್‌ನಲ್ಲಿ ಅವೇ ಅಡ್ಡ ಬರಬಹುದು.

ತುರ್ತಿಗೆ, ನಾಳೆ ಮದುವೆ ಕಾರ್ಡ್ ಕೊಡಬೇಕು ಅನ್ನುವ ಸ್ಥಿತಿಯಲ್ಲಿ, ಕಗಪ ಲೇಔಟ್ ಹಾಕಿಕೊಂಡು ಟೈಪ್ ಮಾಡಿ. ಅದಕ್ಕೆ ಐಬಸ್‌ನ ಹಂಗಿಲ್ಲ. ನುಡಿ ಅಭ್ಯಾಸ ಇದ್ದವರಿಗೆ ಕೆಲವು ಕಡೆ ಕೈ ತಡವರಿಸುತ್ತದೆ, ಆದರೆ ಕೆಲಸ ನಿಲ್ಲುವುದಿಲ್ಲ.

ಮೀಟಿಂಗ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿದರೆ ಎದುರಿನವರಿಗೆ ಕಪ್ಪು

ಎಕ್ಸ್ 11ರಲ್ಲಿ ಯಾವ ಪ್ರೋಗ್ರಾಮ್ ಬೇಕಾದರೂ ಉಳಿದವುಗಳ ವಿಂಡೋ ನೋಡಬಹುದಿತ್ತು, ಒತ್ತಿದ ಕೀಲಿಯನ್ನೂ ಓದಬಹುದಿತ್ತು. ಒಂದೇ ಜಗಲಿಯಲ್ಲಿ ಎಲ್ಲರೂ ಕೂತಂತೆ, ಮುಚ್ಚುಮರೆ ಇರಲಿಲ್ಲ. ವೇಲ್ಯಾಂಡ್ ಇದನ್ನು ನಿಲ್ಲಿಸಿತು. ಬ್ಯಾಂಕಿನ ಪಾಸ್‌ವರ್ಡ್ ಹಾಕುವ ಯಂತ್ರದಲ್ಲಿ ಇದು ಆಗಲೇಬೇಕಾಗಿತ್ತು ಅಂತ ನಾನು ನಂಬುತ್ತೇನೆ. ಈಗ ಸ್ಕ್ರೀನ್ ಬೇಕು ಅನ್ನುವ ಪ್ರೋಗ್ರಾಮ್ ಪೋರ್ಟಲ್ ಅನ್ನುವ ಸೇವೆಯನ್ನು ಕೇಳಬೇಕು. ಅದು ನಿಮ್ಮನ್ನು ಕೇಳುತ್ತದೆ, ನೀವು ಒಪ್ಪಿದರೆ ಪೈಪ್‌ವೈರ್ ಅನ್ನುವ ಇನ್ನೊಂದು ಸೇವೆಯ ಮೂಲಕ ಚಿತ್ರ ಹೋಗುತ್ತದೆ.

ಹಾಗಾಗಿ ಶೇರ್ ಒತ್ತಿದಾಗ ಏನು ಬರುತ್ತದೆ ನೋಡಿ. ಯಾವ ಸ್ಕ್ರೀನ್, ಯಾವ ವಿಂಡೋ ಅಂತ ಕೇಳುವ ಸಿಸ್ಟಮ್‌ನ ಪೆಟ್ಟಿಗೆ ಬರಲೇ ಇಲ್ಲ, ನೇರ ಕಪ್ಪು ಹೋಯಿತು ಅಂದರೆ ಪ್ರೋಗ್ರಾಮ್ ಹಳೆ ರೀತಿಯಲ್ಲಿ ಓಡುತ್ತಿದೆ, ಇಲ್ಲಾ ಪೋರ್ಟಲ್ ಇಲ್ಲ. ಅದೇ ಮೀಟಿಂಗ್ ಅನ್ನು ಬ್ರೌಸರ್‌ನಲ್ಲಿ ತೆರೆದು ಶೇರ್ ಮಾಡಿ. ಬ್ರೌಸರ್‌ನಲ್ಲಿ ಆದರೆ ಅಲ್ಲೇ ಮುಂದುವರಿಯಿರಿ, ಆ ಪ್ರೋಗ್ರಾಮ್ ಅಪ್‌ಡೇಟ್ ಆಗುವವರೆಗೆ ಇದೇ ಒಳ್ಳೆಯದು. ಬ್ರೌಸರ್‌ನಲ್ಲೂ ಪೆಟ್ಟಿಗೆ ಬರದಿದ್ದರೆ ಎಕ್ಸ್‌ಡಿಜಿ ಡೆಸ್ಕ್‌ಟಾಪ್ ಪೋರ್ಟಲ್, ಅದರ ಜೊತೆ ನಿಮ್ಮ ಡೆಸ್ಕ್‌ಟಾಪ್‌ಗೆ ಹೊಂದುವ ಗ್ನೋಮ್ ಅಥವಾ ಕೆಡಿಇ ಭಾಗ, ಪೈಪ್‌ವೈರ್, ಈ ಮೂರೂ ಇವೆಯಾ ನೋಡಿ, ಹಾಕಿ, ಲಾಗ್ ಔಟ್ ಆಗಿ ಬನ್ನಿ. ಎರಡನೆಯದನ್ನು ಮರೆಯುವವರೇ ಹೆಚ್ಚು.

ಚಿತ್ರ ಹೋಗುತ್ತಿದೆ ಆದರೆ ತಡೆದು ತಡೆದು ಹೋಗುತ್ತಿದೆ ಅಂದರೆ, ಗ್ನೋಮ್‌ನಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತಿ, ಅಲ್ಲೇ ಇರುವ ರೆಕಾರ್ಡ್ ಗುರುತಿನಿಂದ ಸ್ವಲ್ಪ ಹೊತ್ತು ಸ್ಕ್ರೀನ್ ರೆಕಾರ್ಡ್ ಮಾಡಿ. ರೆಕಾರ್ಡ್ ಸಲೀಸಾಗಿದ್ದರೆ ನಿಮ್ಮ ಯಂತ್ರ ಚೆನ್ನಾಗಿದೆ, ನೆಟ್‌ವರ್ಕ್ ನಿಧಾನ. ಗುಡ್ಡದ ಹಿಂದಿನ ಮನೆಗಳಲ್ಲಿ ಇದನ್ನೇ ಮೊದಲು ಅನುಮಾನಿಸಿ. ಪೂರ್ತಿ ಸ್ಕ್ರೀನ್ ಬಿಟ್ಟು ಒಂದೇ ವಿಂಡೋ ಶೇರ್ ಮಾಡಿ, ನಿಮ್ಮ ಕ್ಯಾಮೆರಾ ಆಫ್ ಮಾಡಿ.

ಕೆಲವು ಪ್ರೋಗ್ರಾಮ್‌ನಲ್ಲಿ ಮಾತ್ರ ಅಕ್ಷರ ಮಸುಕು

ಸ್ಕೇಲ್ 125 ಅಥವಾ 150 ಶೇಕಡಾ ಇಟ್ಟಿದ್ದೀರಾ? ಹಾಗಾದರೆ ಮಸುಕಾಗಿರುವುದು ಎಕ್ಸ್‌ವೇಲ್ಯಾಂಡ್ ಮೇಲೆ ಓಡುವ ಹಳೆ ಪ್ರೋಗ್ರಾಮ್. ಅದು ಸಣ್ಣದಾಗಿ ಬರೆದದ್ದನ್ನು ಸಿಸ್ಟಮ್ ಹಿಗ್ಗಿಸಿ ತೋರಿಸುತ್ತಿದೆ. ಖಚಿತ ಮಾಡಿಕೊಳ್ಳಲು ಎಕ್ಸ್‌ಐಸ್ ಅನ್ನುವ ಪುಟ್ಟ ಪ್ರೋಗ್ರಾಮ್ ಇದೆ, ಎರಡು ಕಣ್ಣು ಮೌಸ್ ಕಡೆ ನೋಡುತ್ತಿರುತ್ತವೆ. ಮೌಸ್ ಯಾವ ವಿಂಡೋ ಮೇಲೆ ಹೋದಾಗ ಕಣ್ಣು ತಿರುಗುತ್ತದೋ ಅದು ಹಳೆ ರೀತಿಯದ್ದು, ಯಾವುದರ ಮೇಲೆ ನಿಂತುಬಿಡುತ್ತದೋ ಅದು ನೇರ ವೇಲ್ಯಾಂಡ್‌ನದ್ದು. ಕೆಡಿಇಯ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಹಳೆ ಪ್ರೋಗ್ರಾಮ್‌ಗಳು ತಾವೇ ಸ್ಕೇಲ್ ಮಾಡಿಕೊಳ್ಳಲಿ ಅನ್ನುವ ಆಯ್ಕೆ ಇದೆ, ಅದನ್ನು ಹಾಕಿ. ಗ್ನೋಮ್‌ನಲ್ಲಿ ಸುಲಭದ ದಾರಿ ಸ್ಕೇಲ್ 100ಕ್ಕೆ ಇಟ್ಟು, ಆಕ್ಸೆಸಿಬಿಲಿಟಿಯಲ್ಲಿ ಅಕ್ಷರ ದೊಡ್ಡದು ಮಾಡುವುದು. ಮಾನಿಟರ್ ಬದಲಾಯಿಸುವ ಅಗತ್ಯ ಇಲ್ಲ.

ತಾನಾಗಿ ಟೈಪ್ ಮಾಡುವ ಸ್ಕ್ರಿಪ್ಟ್, ಶಾರ್ಟ್‌ಕಟ್, ದೂರದ ಸಹಾಯ ನಿಂತುಹೋಯಿತು

ಎಕ್ಸ್‌ಡೂಟೂಲ್ ಮೇಲೆ ಬರೆದ ಸ್ಕ್ರಿಪ್ಟ್ ವೇಲ್ಯಾಂಡ್ ವಿಂಡೋಗಳಲ್ಲಿ ಕೆಲಸ ಮಾಡುವುದಿಲ್ಲ. ಎಕ್ಸ್‌ಮಾಡ್‌ಮ್ಯಾಪ್‌ನಿಂದ ಕೀಲಿ ಬದಲಾಯಿಸಿಕೊಂಡಿದ್ದರೆ ಅದೂ ಅಷ್ಟೇ. ಇದಕ್ಕೆ ರಿಪೇರಿ ಇಲ್ಲ, ಬದಲಿ ಹುಡುಕಬೇಕು. ವೈಡೂಟೂಲ್ ಕೆಳಗಿನ ಮಟ್ಟದಲ್ಲಿ ಕೀಲಿ ಒತ್ತುವುದರಿಂದ ಅದು ನಡೆಯುತ್ತದೆ, ಆದರೆ ಅದಕ್ಕೆ ಹೆಚ್ಚಿನ ಅಧಿಕಾರ ಕೊಡಬೇಕಾಗುತ್ತದೆ. ಎಲ್ಲೋ ಸಿಕ್ಕ ಆದೇಶವನ್ನು ಅರ್ಥವಾಗದೆ ಸುಡೋ (ಪೂರ್ತಿ ಅಧಿಕಾರ ಕೊಡುವ ಆದೇಶ) ಜೊತೆ ಅಂಟಿಸಬೇಡಿ.

ದೂರದಿಂದ ನಿಮ್ಮ ಸ್ಕ್ರೀನ್ ನೋಡಿ ಸಹಾಯ ಮಾಡುವ ಪ್ರೋಗ್ರಾಮ್ ಕಪ್ಪು ತೋರಿಸಿದರೆ ಗ್ನೋಮ್‌ನಲ್ಲೇ ಇರುವ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ ನೋಡಿ. ಯಾರೂ ಇಲ್ಲದ ಯಂತ್ರಕ್ಕೆ ದೂರದಿಂದ ಹೋಗಲೇಬೇಕು ಅನ್ನುವವರು ಅದನ್ನು ಮೊದಲೇ ಪರೀಕ್ಷಿಸಿ, ಆಮೇಲೆ ಊರು ಬಿಡಿ. "ಶೇರ್ ಮಾಡಲೇ?" ಅಂತ ಪೆಟ್ಟಿಗೆ ಬಂದರೆ ಅಲ್ಲಿ ಒತ್ತಲು ಯಾರೂ ಇರುವುದಿಲ್ಲ.

ಮಾನಿಟರ್ ಬಣ್ಣವೇ ಬೇರೆ, ಪ್ರಿಂಟ್ ಬಣ್ಣವೇ ಬೇರೆ

ಬಣ್ಣ ನಿರ್ವಹಣೆಯ ಒಪ್ಪಂದ ವೇಲ್ಯಾಂಡ್‌ಗೆ ಸೇರಿದ್ದೇ 2025ರಲ್ಲಿ. ಪ್ರೋಗ್ರಾಮ್‌ಗಳು ಅದನ್ನು ಬಳಸಲು ಇನ್ನೂ ಕಲಿಯುತ್ತಿವೆ. ಮಾನಿಟರ್‌ಗೆ ಉಪಕರಣ ಹಚ್ಚಿ ಬಣ್ಣ ಅಳೆಯುವ ಅಂಗಡಿಯವರು ಸದ್ಯಕ್ಕೆ ಎಕ್ಸ್ ಸೆಷನ್ ಇರುವ ಒಂದು ಯಂತ್ರ ಉಳಿಸಿಕೊಳ್ಳಿ.

ಕೆಲಸದ ನಡುವೆ ಎಲ್ಲ ಮುಚ್ಚಿ ಲಾಗಿನ್ ಪುಟ ಬಂತು

ಎಕ್ಸ್ ಕಾಲದಲ್ಲಿ ಗ್ನೋಮ್‌ನ ಮುಖ್ಯ ಪ್ರೋಗ್ರಾಮ್ ಆದ ಗ್ನೋಮ್ ಶೆಲ್ ಬಿದ್ದರೆ ಮತ್ತೆ ಎದ್ದು ನಿಲ್ಲುತ್ತಿತ್ತು, ತೆರೆದ ಫೈಲ್ ಹಾಗೇ ಇರುತ್ತಿದ್ದವು. ವೇಲ್ಯಾಂಡ್‌ನಲ್ಲಿ ಗ್ನೋಮ್ ಶೆಲ್ಲೇ ಸ್ಕ್ರೀನ್ ನಡೆಸುವುದರಿಂದ ಅದು ಬಿದ್ದರೆ ಎಲ್ಲವೂ ಬೀಳುತ್ತದೆ. ಕೆಡಿಇ ಪ್ಲಾಸ್ಮಾ 6ರಲ್ಲಿ ಅನೇಕ ಪ್ರೋಗ್ರಾಮ್ ಉಳಿದುಕೊಳ್ಳುತ್ತವೆ, ಈ ವಿಷಯದಲ್ಲಿ ಅವರು ಮುಂದಿದ್ದಾರೆ.

ಮೊದಲ ಅನುಮಾನ ಎಕ್ಸ್‌ಟೆನ್ಷನ್‌ಗಳ ಮೇಲೆ. ಎಲ್ಲ ಆಫ್ ಮಾಡಿ, ಕೆಲವು ದಿನ ನೋಡಿ, ಒಂದೊಂದಾಗಿ ಹಾಕಿ. ಎರಡನೆಯದು ರ‍್ಯಾಮ್. 4 ಜಿಬಿ ಯಂತ್ರದಲ್ಲಿ ಹತ್ತಾರು ಟ್ಯಾಬ್ ತೆರೆದರೆ ರ‍್ಯಾಮ್ ತುಂಬಿ ಕರ್ನಲ್ ಯಾವುದನ್ನಾದರೂ ನಿಲ್ಲಿಸಲೇಬೇಕು. ಸಿಸ್ಟಮ್ ಮಾನಿಟರ್ ತೆರೆದಿಟ್ಟು ಗಮನಿಸಿ. ಮೂರನೆಯದು ಎನ್ವಿಡಿಯಾ ಡ್ರೈವರ್, ಅದು ಮೇಲೆ ಬಂದಿದೆ. ಕಾರಣ ಸಿಗುವವರೆಗೆ ಲಿಬ್ರೆ ಆಫೀಸ್‌ನ ಆಟೋ ರಿಕವರಿ ಸಮಯ ಎರಡು ಮೂರು ನಿಮಿಷಕ್ಕೆ ಇಳಿಸಿ. ಲಾಗಿನ್ ಪುಟವೇ ಬಾರದೆ ಯಂತ್ರ ಪೂರ್ತಿ ಆಫ್ ಆಗಿ ಆನ್ ಆದರೆ ಅದು ಕರೆಂಟ್, ಯುಪಿಎಸ್ ಅಥವಾ ಬಿಸಿಯ ವಿಷಯ. ಫ್ಯಾನ್‌ನ ಧೂಳು ನೋಡಿ.

ಯಾವಾಗ ನಿಲ್ಲಿಸಬೇಕು

ಸುಟ್ಟ ವಾಸನೆ, ಶಾಕ್, ಉಬ್ಬಿದ ಬ್ಯಾಟರಿ, ಟಕ್ ಟಕ್ ಸದ್ದು ಮಾಡುವ ಹಾರ್ಡ್ ಡಿಸ್ಕ್, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಫ್ ಮಾಡಿ ರಿಪೇರಿಯವರಿಗೆ ಕೊಡಿ. ಡಿಸ್ಕ್ ಸದ್ದು ಮಾಡುತ್ತಿರುವಾಗ ಮತ್ತೆ ಮತ್ತೆ ಆನ್ ಮಾಡಿ ನೋಡಿದರೆ ಉಳಿಯಬಹುದಾಗಿದ್ದ ಫೈಲೂ ಹೋಗುತ್ತದೆ. ಮಿಂಟ್ ಪೆನ್ ಡ್ರೈವ್‌ನಲ್ಲೂ ಸ್ಕ್ರೀನ್‌ನ ಅದೇ ದೋಷ ಬಂದರೆ ಅದು ಹೆಚ್ಚಾಗಿ ಹಾರ್ಡ್‌ವೇರ್, ಸಾಫ್ಟ್‌ವೇರ್ ಕೆದಕುವುದು ಬೇಡ.

ಬೇರೆಯವರ ಸಹಾಯ ಕೇಳುವಾಗ "ಸರ್, ಕಂಪ್ಯೂಟರ್ ಹಾಳಾಗಿದೆ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ಆವೃತ್ತಿ, ವೇಲ್ಯಾಂಡೋ ಎಕ್ಸೋ, ಯಾವ ಗ್ರಾಫಿಕ್ಸ್, ಡ್ರೈವರ್ ಸಂಖ್ಯೆ ಎಷ್ಟು, ಎಕ್ಸಾರ್ಗ್‌ನಲ್ಲಿ ಏನಾಯಿತು, ಹೊಸ ಖಾತೆಯಲ್ಲಿ ಏನಾಯಿತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಲಾಗ್ಸ್ ಅನ್ನುವ ಪ್ರೋಗ್ರಾಮ್ ತೆರೆದು ದೋಷ ಬಂದ ಗಳಿಗೆಯ ಸಾಲುಗಳ ಫೋಟೋ ತೆಗೆದು ಜೊತೆಗೆ ಕಳಿಸಿ.